ಮೂಸದೆ ಬೆಳೆಸಿದ ಹಣ್ಣು

ಚಳ್ಳಕೆರೆಯಲ್ಲಿ ನಮ್ಮ ಮನೆ ಇರುವುದು ಎಣ್ಣೆ ಮಿಲ್ಲುಗಳಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ. ಮನೆ ಮುಂದೆ ಒಂದು ಬೇವಿನ ಮರ, ಅದರ ಬುಡದಲ್ಲಿ ನಮ್ಮ ಮಾವನವರು ಕಟ್ಟಿಸಿದ ಕಲ್ಲಿನ ಕಟ್ಟೆ. ಸಂಜೆ ಮಿಲ್ಲು ಬಿಟ್ಟ ಮೇಲೆ ಹಳ್ಳಿಗಳ ಹೆಂಗಸರು ಬಸ್ಸಿನ ಹೊತ್ತಾಗುವ ತನಕ ಅಲ್ಲಿ ಕೂರುತ್ತಾರೆ. ನೀರು ಕೇಳುತ್ತಾರೆ, ತಂದುಕೊಡುತ್ತೇನೆ. ಅವರು ಮಾತಾಡುತ್ತಾರೆ, ನಾನು ದೇವರಿಗೆ ಹೂ ಕಟ್ಟುತ್ತ ಕೇಳುತ್ತೇನೆ. ಪಾತಮ್ಮ ನನಗೆ ಸಿಕ್ಕಿದ್ದು ಹಾಗೆ.

ಪಾತಮ್ಮನದು ತಳಕು ಎಂಬ ಊರಿನ ಆಚೆಗಿರುವ ಒಂದು ಹಟ್ಟಿ. ಮಿಲ್ಲಿನಲ್ಲಿ ಶೇಂಗಾ ಬೀಜ ಆಯುವ ಕೆಲಸ. ದಿನವಿಡೀ ಬೀಜದ ರಾಶಿಯ ಮುಂದೆ ಕೂತು ಸುಕ್ಕಿದ್ದು, ಒಡೆದದ್ದು, ಕಪ್ಪಾದದ್ದನ್ನು ಬೇರೆ ಮಾಡಬೇಕು. ಸಂಜೆಗೆ ಆಕೆಯ ಬೆರಳ ತುದಿಗಳು ಬೀಜದ ಸಿಪ್ಪೆಯ ಕೆಂಪು ಹಿಡಿದಿರುತ್ತಿದ್ದವು. ನೀರು ಕೊಟ್ಟರೆ ಮೊದಲು ನಾಲ್ಕು ಹನಿ ನೆಲಕ್ಕೆ ಬಿಟ್ಟು ಆಮೇಲೆ ಕುಡಿಯುತ್ತಿದ್ದಳು. ಯಾರಿಗೆ ಅದು ಎಂದು ನಾನು ಒಮ್ಮೆ ಕೇಳಿದಾಗ, ಕೊಟ್ಟವನಿಗೆ ಎಂದಳು. ಕೊಟ್ಟಿದ್ದು ನಾನಲ್ಲವೇ ಎಂದು ತಮಾಷೆ ಮಾಡಿದೆ. ಆಕೆ ನಕ್ಕು, "ನಿಮ್ಗೆ ಕೊಟ್ಟೋನಿಗೆ ಅಕ್ಕಯ್ಯ," ಎಂದಳು. ಆವತ್ತಿನಿಂದ ನನಗೆ ಆಕೆಯ ಮೇಲೆ ಒಂದು ಅಕ್ಕರೆ.

ಆಕೆ ಹುಟ್ಟಿದ್ದು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಕಡೆ. ಮನೆಯಲ್ಲಿ ಆಡುವುದು ತೆಲುಗು, ಹೊರಗೆ ಕನ್ನಡ. ಸಿಟ್ಟು ಬಂದರೆ ಎರಡೂ. ಮದುವೆಯಾಗಿ ತಳಕಿನ ಕಡೆ ಬಂದಾಗ ಗಂಡನಿಗೆ ಹೊಲವಿರಲಿಲ್ಲ, ನಾಟಿ ಹಸುಗಳ ಮಂದೆ ಇತ್ತು. ಹಸು ಕಾಯುವುದು, ಬೆಣ್ಣೆ ತೆಗೆಯುವುದು, ತುಪ್ಪ ಮಾರುವುದು. ಆ ಮನೆಯ ಬದುಕು ಅಷ್ಟೇ, ಆದರೆ ತುಂಬಿದ ಬದುಕು.

ಅವರ ಹಟ್ಟಿಯಲ್ಲಿ ಒಂದು ಪದ್ಧತಿಯಿದೆ. ಉಗಾದಿ ಕಳೆದ ಮೇಲೆ ಬರುವ ಸೋಮವಾರ ಪ್ರತಿ ಮನೆಯಿಂದ ದೇವರಿಗೆ ಮೀಸಲು ಹೋಗಬೇಕು. ಅಂದರೆ ಆ ಮನೆಯವರ ಕೈಯಲ್ಲಿ ಬೆಳೆದದ್ದರ, ಕರೆದದ್ದರ ಮೊದಲ ಪಾಲು. ತುಪ್ಪ ಇದ್ದವರು ತುಪ್ಪ, ಸಜ್ಜೆ ಬೆಳೆದವರು ಸಜ್ಜೆ, ಮರ ಇದ್ದವರು ಹೊಸ ಹುಣಸೆ. ದೇವರ ಮುಂದೆ ಇಡುವ ತನಕ ಮನೆಯವರು ಅದನ್ನು ನಾಲಗೆಗೆ ಮುಟ್ಟಿಸುವಂತಿಲ್ಲ. ಆ ಎಲ್ಲ ಮೀಸಲನ್ನೂ ಸೇರಿಸಿ ಅಲ್ಲೇ ಅಡುಗೆ ಮಾಡಿ ಹಟ್ಟಿಯೆಲ್ಲ ಕೂತು ಉಣ್ಣುತ್ತದೆ.

ಪಾತಮ್ಮನ ಗಂಡ ಒಂದು ಜ್ವರದಲ್ಲಿ ತೀರಿಕೊಂಡ. ಮಗ ಮಾರುತೇಶ ಆಗ ಸಣ್ಣವನು. ಮಂದೆ ಕಾಯುವವರಿಲ್ಲದೆ ಆಕೆ ಹಸುಗಳನ್ನು ದೇವರ ಎತ್ತುಗಳ ಮಂದೆಗೆ ಬಿಟ್ಟುಬಂದಳು. ದೇವರ ದನವನ್ನು ಯಾರೂ ಮಾರುವುದಿಲ್ಲ, ಕಡಿಯುವುದಿಲ್ಲ, ಸಾಯುವ ತನಕ ಮೇಯುತ್ತವೆ. ಹಾಗಾಗಿ ಮನಸ್ಸಿಗೆ ನೆಮ್ಮದಿ. ಆದರೆ ಆಮೇಲಿನ ಉಗಾದಿಯಿಂದ ಆಕೆಯ ಮನೆಯ ಮೀಸಲು ನಿಂತುಹೋಯಿತು. ಕೂಲಿ ಮಾಡುವವಳ ಕೈಯಲ್ಲಿ ಬೆಳೆಯುವುದೇನು? ಒಂದು ವರ್ಷ ಚಳ್ಳಕೆರೆ ಮಾರ್ಕೆಟ್ಟಿನಿಂದ ಬಾಳೆಗೊನೆ ಕೊಂಡುಹೋದಳಂತೆ. ಪೂಜಾರಿ ಬೊಮ್ಮಲಿಂಗಪ್ಪ ಅದನ್ನು ಪ್ರೀತಿಯಿಂದಲೇ ತೆಗೆದುಕೊಂಡ, ಆದರೆ ಮೀಸಲಿನ ಸಾಲಿನಲ್ಲಿ ಇಡದೆ ಪಕ್ಕದಲ್ಲಿಟ್ಟ. ಅದು ಕಾಣಿಕೆಯಾಯಿತು, ಮೀಸಲಾಗಲಿಲ್ಲ.

ಇದನ್ನು ಪಾತಮ್ಮ ನನಗೆ ಹೇಳಿದ್ದು ದುಃಖದಿಂದಲ್ಲ. ಹೇಳಿ ಬಿಟ್ಟಳು, ಬಸ್ಸು ಬಂತು, ಹೋದಳು. ಆದರೆ ಮತ್ತೆ ಮತ್ತೆ ಆ ಮಾತಿಗೇ ಬರುತ್ತಿದ್ದಳು. ಊಟಕ್ಕೆ ಕೂತಾಗ ಎಲೆಯಲ್ಲಿ ಎಲ್ಲರ ಮನೆಯದೂ ಇರುತ್ತದೆ, ನನ್ನ ಮನೆಯದು ಇರುವುದಿಲ್ಲ, ಆದರೂ ನನಗೆ ಬಡಿಸುತ್ತಾರೆ, ಎನ್ನುತ್ತಿದ್ದಳು. ಆ 'ಆದರೂ' ಆಕೆಯ ಗಂಟಲಲ್ಲಿ ಮುಳ್ಳಿನ ಹಾಗೆ ಇತ್ತು.

ಒಂದು ಹುಣ್ಣಿಮೆಯ ಸಂಜೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದಿತ್ತು. ಪ್ರಸಾದದ ರವೆಯ ಸಪಾದ ಭಕ್ಷ್ಯಕ್ಕೆ ಅನಾನಸ್ ಹಾಕುವುದು ನನ್ನ ರೂಢಿ. ಹಣ್ಣು ಹೆಚ್ಚಿ, ತಲೆಯ ಎಲೆಗೊಂಡೆಯನ್ನು ತಿರುಚಿ ಕಸದ ಬುಟ್ಟಿಗೆ ಹಾಕಿದ್ದೆ. ಕಟ್ಟೆಯ ಮೇಲಿದ್ದವರಿಗೆ ಪ್ರಸಾದ ಕೊಟ್ಟು ಬುಟ್ಟಿ ಹೊರಗಿಟ್ಟೆ. ಪಾತಮ್ಮ ಪ್ರಸಾದ ತಿಂದು ಬೆರಳು ನೆಕ್ಕಿ ಬುಟ್ಟಿಯನ್ನೇ ನೋಡುತ್ತ ಕೂತಳು.

"ಅಕ್ಕಯ್ಯ, ಈ ಅನಾಸ ಹಣ್ಣಿನ ತಲೆ ಬಿಸಾಕ್ತೀರಾ?"

"ಅದನ್ನ ಏನು ಮಾಡ್ತಾರೆ ಪಾತಮ್ಮ?"

"ಹಸಿರೈತೆ. ಕತ್ತಾಳೆ ಮರಿ ಇದ್ದಂಗೈತೆ. ಜೀವ ಇದ್ರೂ ಇರಬೈದು."

ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅದನ್ನು ಹೂವಿನ ಹಾಗೆ ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಿಲ್ಲಿನಿಂದ ಒಂದು ಹಳೆಯ ಎಣ್ಣೆ ಡಬ್ಬ ಕೇಳಿ ತಂದು, ತಳಕ್ಕೆ ಮೊಳೆ ಹೊಡೆದು ತೂತು ಮಾಡಿದಳು. ಹಳ್ಳದ ಮರಳು, ಕೆಮ್ಮಣ್ಣು, ಪಕ್ಕದ ಮನೆಯವರ ಆಡಿನ ಹಿಕ್ಕೆಗೊಬ್ಬರ, ಮೇಲೆ ಶೇಂಗಾ ಹೊಟ್ಟು. ಕತ್ತಾಳೆಯ ಜಾತಿ ಎಂದು ಮೊದಲು ಬಯಲ ಬಿಸಿಲಿನಲ್ಲೇ ಇಟ್ಟಿದ್ದಳಂತೆ. ಎಲೆಯ ತುದಿ ಸುಟ್ಟಿತು. ಗೋಡೆಯ ಪಕ್ಕ ಹೊಂಗೆಯ ನೆರಳಿಗೆ ಸರಿಸಿದಳು. ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ, ಕಡಿಮೆಯಾದರೆ ಎಲೆ ಸುರುಟುತ್ತದೆ ಎಂಬುದನ್ನೂ ಗಿಡವೇ ಆಕೆಗೆ ಕಲಿಸಿತು. ನಮ್ಮ ಕಡೆ ನೀರು ಎಣಿಸಿಯೇ ಬಳಸಬೇಕಲ್ಲ. ಅಕ್ಕಿ ತೊಳೆದ ನೀರನ್ನು ಒಂದು ಲೋಟದಲ್ಲಿ ಎತ್ತಿಟ್ಟು ಎಲೆಗಳ ನಡುವಿನ ಬಟ್ಟಲಿಗೆ ಸುರಿಯುತ್ತಿದ್ದಳು. ಬೆಳಗ್ಗೆ ನೋಡಿದರೆ ಮಂಜಿನ ಹನಿ ಎಲೆಯ ಮೇಲಿಂದ ಜಾರಿ ತಾನಾಗಿ ಆ ಬಟ್ಟಲಿಗೆ ಇಳಿದಿರುತ್ತಿತ್ತಂತೆ. "ಕೈ ಚಾಚ್ಕೊಂಡು ಕುಂತೈತೆ ಅಕ್ಕಯ್ಯ, ಬಿದ್ದಿದ್ದು ಒಂದು ಹನಿ ಬಿಡಾಕಿಲ್ಲ," ಎಂದು ಹೇಳಿ, "ನನ್ನಂಗೇ," ಎಂದು ಸೇರಿಸಿದಳು.

ವರ್ಷ ಕಳೆಯಿತು. ಗಿಡ ಅಗಲವಾಯಿತು, ಹಣ್ಣಿಲ್ಲ. ಇನ್ನೊಂದು ವರ್ಷವೂ ಆಯಿತು. ಮಾರುತೇಶ ದೊಡ್ಡವನಾಗಿ ತಳಕಿನಲ್ಲಿ ಆಟೋ ಓಡಿಸುತ್ತಿದ್ದ. ಅವನಿಗೆ ಮದುವೆಯಾಗಿ ಜ್ಯೋತಿಲಕ್ಷ್ಮಿ ಎಂಬ ಹುಡುಗಿ ಸೊಸೆಯಾಗಿ ಬಂದಳು. ಬಾಯಿ ಚುರುಕು, ಮನಸ್ಸು ಮೆದು. ಅಂಗಳದಲ್ಲಿ ಅತ್ತೆ ಗಿಡಕ್ಕೆ ಉಪಚಾರ ಮಾಡುವುದನ್ನು ಕಂಡು, ಬಂದ ಮೊದಲ ವಾರದಲ್ಲೇ, "ಅತ್ತೆ, ಇದು ನಿಮ್ಮ ಹಿರೀ ಸೊಸೆನಾ?" ಎಂದು ಕೇಳಿದಳಂತೆ. ಪಾತಮ್ಮನಿಗೆ ಆ ಮಾತು ಬಹಳ ಹಿಡಿಸಿತು. ನನಗೆ ಹೇಳಿ ಹೇಳಿ ನಕ್ಕಳು.

ಎದುರು ಮನೆಯ ರಂಗಕ್ಕ ಮಾತ್ರ ಬಿಡುತ್ತಿರಲಿಲ್ಲ. ರಂಗಕ್ಕ ಹಟ್ಟಿಯ ಹಿರಿಯ ಹೆಂಗಸು. ಮೀಸಲಿನ ದಿನ ಕೊಪ್ಪರಿಗೆಯ ಪಕ್ಕದಲ್ಲಿ ಸೌಟು ಹಿಡಿದು ನಿಲ್ಲುವವಳು ಆಕೆಯೇ. "ಪಾತೀ, ಕಸದಾಗಿನ ತಲೆಗೆ ಅನ್ನದ ನೀರು ಹುಯ್ತೀಯಲ್ಲೇ, ಅದು ಕಾಯಿ ಬಿಡೋದ್ರಾಗೆ ನಿನ್ನ ತಲೆ ಪೂರಾ ಬೆಳ್ಳಗಾಗ್ತೈತೆ," ಎನ್ನುತ್ತಿದ್ದಳಂತೆ. ಪಾತಮ್ಮ ಲೋಟದ ನೀರನ್ನು ಪೂರ್ತಿ ಸುರಿದೇ ಒಳಗೆ ಹೋಗುತ್ತಿದ್ದಳು. ಆ ದಿನಗಳಲ್ಲೇ ಒಂದು ಸಂಜೆ, ದೀಪ ಹಚ್ಚುವಾಗ, ಆಕೆ ಮನಸ್ಸಿನಲ್ಲೇ ದೇವರಿಗೆ ಒಪ್ಪಿಸಿಬಿಟ್ಟಳು: ಈ ಗಿಡ ಫಲ ಕೊಟ್ಟರೆ ಮೊದಲ ಹಣ್ಣು ನಿನ್ನ ಮೀಸಲು, ಸಾಮಿ.

ಆ ವರ್ಷವೇ ಜ್ಯೋತಿಲಕ್ಷ್ಮಿಗೆ ಹೆಣ್ಣು ಮಗುವಾಯಿತು. ಬಾಣಂತನ ರಾಂಪುರದ ತವರಲ್ಲಿ ಆಗಿ, ದಸರೆಯ ಹೊತ್ತಿಗೆ ಮಗು ಈ ಮನೆಗೆ ಬಂತು. ಮಗುವಿಗೆ ಎರೆದ ಮೇಲೆ ಹೊಂಗೆಯ ಮರದ ಕೆಳಗೆ ಕೆಂಡದ ಮೇಲೆ ಸಾಂಬ್ರಾಣಿ, ಬೇವಿನೆಲೆ ಹಾಕಿ ಹೊಗೆ ಕೊಡುತ್ತಿದ್ದರು. ಗಾಳಿ ಗೋಡೆಗೆ ತಾಕಿ ಹೊಗೆಯೆಲ್ಲ ಗಿಡದ ಮೇಲೆ ಸುತ್ತುತ್ತಿತ್ತು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಗಿಡದ ನಡುವೆ ಕೆಂಪಗೆ ಏನೋ ಕಾಣಿಸಿತು. ಪಾತಮ್ಮ ಮರುದಿನ ಕಟ್ಟೆಯ ಹತ್ತಿರ ಬಂದಾಗ ಕೂರಲೂ ಇಲ್ಲ. "ಅಕ್ಕಯ್ಯ, ಬಸುರಾಗೈತೆ," ಎಂದಳು. ಯಾರು ಎಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ.

ಹೊಗೆ ತಾಗಿದರೆ ಅನಾನಸ್ ಬೇಗ ಹೂ ಬಿಡುತ್ತದೆ ಎಂದು ಆಮೇಲೆ ಪೇಪರಿನ ಕೃಷಿ ಪುಟದಲ್ಲಿ ಓದಿದೆ. ಓದಿ ಆಕೆಗೆ ಹೇಳಿದೆ. ಆಕೆ ತಲೆದೂಗಿ, ಮಗೀನ ಕಾಲ್ಗುಣ ಎಂದು ತಾನು ಅಂದುಕೊಂಡಿದ್ದೂ ಸುಳ್ಳಾಗಲಿಲ್ಲ ಎಂದಳು. ಮಗು ಬರದಿದ್ದರೆ ಹೊಗೆ ಎಲ್ಲಿಂದ ಬರಬೇಕಿತ್ತು? ನನಗೂ ಅದು ಸರಿಯೇ ಅನ್ನಿಸಿತು.

ಆದರೆ ಸುದ್ದಿ ತಿಳಿದ ಕೂಡಲೇ ಹಟ್ಟಿಯಲ್ಲಿ ಒಂದು ಚರ್ಚೆ ಶುರುವಾಯಿತು. ಇದು ಪೇಟೆಯ ಹಣ್ಣು, ಜ್ಯೂಸಿನ ಅಂಗಡಿಯ ಹಣ್ಣು, ಹಿರಿಯರು ಯಾರೂ ಇಟ್ಟದ್ದಲ್ಲ, ಮೀಸಲಾಗುತ್ತದೆಯೇ ಎಂದು ರಂಗಕ್ಕ ಪೂಜಾರಿಯನ್ನೇ ಕೇಳಿದಳು. ಬೊಮ್ಮಲಿಂಗಪ್ಪ ಆತುರದ ಮನುಷ್ಯನಲ್ಲ. ಪಾತಮ್ಮನ ಅಂಗಳಕ್ಕೆ ಬಂದು ಗಿಡದ ಸುತ್ತ ಒಂದು ಸುತ್ತು ಬಂದು, ಯಾರ ಕೈಯ ನೀರು ಕುಡಿಯಿತು ಎಂದು ಕೇಳಿದ. ನನ್ನ ಕೈಯದು ಎಂದಳು. ಯಾರ ಅಂಗಳದ ಮಣ್ಣು? ನನ್ನದೇ. ಹಾಗಾದರೆ ನಿನ್ನ ಬೆಳೆ, ತಾ, ಎಂದ. ಹೋಗುವಾಗ ಬಾಗಿಲ ಬಳಿ ನಿಂತು, ಪದ್ಧತಿ ಗೊತ್ತಲ್ಲ, ನಾಲಗೆಗೂ ಇಲ್ಲ, ಮೂಗಿಗೂ ಇಲ್ಲ, ಎಂದು ನೆನಪಿಸಿದ.

ತೊಡಕು ಬಂದದ್ದು ಅಲ್ಲಿಂದಲೇ. ದೇವರಿಗೆಂದ ಹೂವನ್ನು ನಾವೂ ಮೂಸುವುದಿಲ್ಲ. ಮೂಸಿದರೆ ಅರ್ಧ ಅನುಭವಿಸಿದ ಹಾಗೆ, ಎಂಜಲು. ಅವರ ಹಟ್ಟಿಯಲ್ಲಿ ಮೀಸಲಿನ ವಿಷಯದಲ್ಲಿ ಇದು ಇನ್ನೂ ಬಿಗಿ. ತುಪ್ಪ ಕಾಸುವಾಗಲೂ ಮೀಸಲಿನ ಪಾತ್ರೆಯ ಮುಂದೆ ಹೆಂಗಸರು ಮುಖ ತಿರುಗಿಸಿ ನಿಲ್ಲುತ್ತಾರೆ. ತುಪ್ಪ ಹದಕ್ಕೆ ಬಂದದ್ದು ಸದ್ದಿನಲ್ಲಿ ತಿಳಿಯುತ್ತದೆ, ಸಜ್ಜೆ ಬಲಿತದ್ದು ಹಲ್ಲಿಗೆ ಕೊಡದೆ ಬೆರಳಲ್ಲೇ ತಿಳಿಯುತ್ತದೆ, ಹುಣಸೆ ಸಿಪ್ಪೆ ಬಿಡುತ್ತದೆ. ಈ ಹಣ್ಣು ಮಾಗಿದ್ದನ್ನು ತಿಳಿಯುವುದು ಹೇಗೆ?

ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಸಾಬರೊಬ್ಬರಿದ್ದಾರೆ. ಪಾತಮ್ಮ ಅವರನ್ನು ಕೇಳಿದಳು. ಅವರು ಒಂದು ಅನಾನಸ್ ಎತ್ತಿ ತಲೆಕೆಳಗು ಮಾಡಿ, "ಇಲ್ಲಿ, ಬುಡದಾಗೆ ಮೂಸಿ ನೋಡಬೇಕಮ್ಮ. ಖುಷ್ಬೂ ಬಂದ್ರೆ ಹಣ್ಣು, ಇಲ್ಲಾಂದ್ರೆ ಕಾಯಿ," ಎಂದರು. ಮೂಸುವ ಹಾಗಿಲ್ಲ ಎಂದಾಗ, ಮೂಗು ಇಲ್ಲದೆ ಹಣ್ಣಿನ ವ್ಯಾಪಾರ ಮಾಡಿದವರನ್ನು ತಾವು ಕಂಡಿಲ್ಲ ಎಂದು ನಕ್ಕರು. ಆದರೂ ಪಾಪ, ಹಳದಿ ಬುಡದಿಂದ ಮೇಲಕ್ಕೆ ಹತ್ತುತ್ತದೆ, ಕಣ್ಣುಗಳು ಚಪ್ಪಟೆಯಾಗುತ್ತವೆ ಎಂದು ತೋರಿಸಿಕೊಟ್ಟರು. ಗಿಡದಲ್ಲೇ ಮಾಗಬೇಕು, ಕಿತ್ತ ಮೇಲೆ ಸಿಹಿ ಏರುವುದಿಲ್ಲ ಎಂದೂ ಎಚ್ಚರಿಸಿದರು.

ಆಮೇಲೆ ಪಾತಮ್ಮ ಗಿಡದ ಹತ್ತಿರ ಹೋಗುವಾಗೆಲ್ಲ ಸೆರಗನ್ನು ಮೂಗಿಗೆ ಕಟ್ಟಿಕೊಳ್ಳತೊಡಗಿದಳು. ನೀರು ಹಾಕುವಾಗ, ಹೊಟ್ಟು ಬದಲಿಸುವಾಗ, ಇಲಿ ಬಾರದಿರಲಿ ಎಂದು ಸುತ್ತ ಜಾಲಿಮುಳ್ಳು ಇಡುವಾಗ, ಎಲ್ಲಕ್ಕೂ. ರಂಗಕ್ಕನಿಗೆ ಇನ್ನೇನು ಬೇಕು? ಹಣ್ಣು ಬೆಳೀತಾಳೋ ಹೆಣ ಕಾಯ್ತಾಳೋ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡಳು. ಆಡಿಗೆ ಮೂಸಲು ಹಚ್ಚೋಣ, ಅದೇನು ಹಟ್ಟಿಯವರಲ್ಲವಲ್ಲ ಎಂದು ಜ್ಯೋತಿಲಕ್ಷ್ಮಿ ಹೇಳಿದಳು. ಆಡು ಮೂಸಿ, ತಿನ್ನದೆ ಬಿಡುತ್ತದೆಯೇ ಎಂದು ಪಾತಮ್ಮ ಕೇಳಿದಳು.

ಫಾಲ್ಗುಣದಲ್ಲಿ ಬಿಸಿಲು ಏರಿತು. ಹೊಂಗೆ ಎಲೆ ಉದುರಿಸಿತು. ಪಡುವಣ ಬಿಸಿಲು ಗೋಡೆಗೆ ಬಡಿದು ಹಣ್ಣಿನ ಮೇಲೆ ಬೀಳತೊಡಗಿತು. ಉಗಾದಿಯ ಹೊತ್ತಿಗೆ ಹಣ್ಣಿನ ಒಂದು ಮಗ್ಗುಲು ಹೊನ್ನಿನ ಹಾಗೆ ಹಳದಿಯಾಯಿತು. ಪಾತಮ್ಮ ಕಟ್ಟೆಯ ಮೇಲೆ ಕೂತು ಬಣ್ಣ ವಿವರಿಸುವುದನ್ನು ಕೇಳಿದರೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ಇನ್ನೊಂದು ಮಗ್ಗುಲು ಹೇಗಿದೆ ಎಂದು ಕೇಳಿದೆ. ಸ್ವಲ್ಪ ಹಸಿರೈತೆ, ಸೋಮವಾರಕ್ಕೆ ಆಗಬೈದು ಎಂದಳು. ಈ ಸೋಮವಾರ ತಪ್ಪಿದರೆ ಮತ್ತೆ ಒಂದು ವರ್ಷ. ಹಣ್ಣು ಅಷ್ಟು ದಿನ ಕಾಯುವುದಿಲ್ಲ. ಕಾಯುವಷ್ಟು ಕಾದಾಗಿದೆ ಎಂಬ ಭಾವ ಆಕೆಯ ಮುಖದಲ್ಲಿತ್ತು. ನನ್ನನ್ನೂ ಊಟಕ್ಕೆ ಕರೆದಳು. ಎಂದೂ ಹಾಗೆ ಕರೆದವಳಲ್ಲ.

ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ತಳಕಿಗೆ ಹೋದೆ. ಮಾರುತೇಶ ಆಟೋದಲ್ಲಿ ಹಟ್ಟಿಗೆ ಕರೆದುಕೊಂಡು ಹೋದ. ಪಾತಮ್ಮ ತಲೆಗೆ ನೀರು ಹುಯ್ದುಕೊಂಡು, ಮದುವೆಯ ಸೀರೆ ಉಟ್ಟು, ಹೊಸ ಪಂಚೆಯಲ್ಲಿ ಹಣ್ಣನ್ನು ಸುತ್ತಿ ಹಿತ್ತಾಳೆ ತಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಮೂಗಿನ ಮೇಲೆ ಸೆರಗು. ಗುಡಿಯ ಮುಂದೆ ಹಂದರ ಹಾಕಿದ್ದರು. ಮೀಸಲಿನ ಸಾಲಿನಲ್ಲಿ ತುಪ್ಪದ ಗಿಂಡಿಗಳು, ಸಜ್ಜೆಯ ಮೊರಗಳು, ಹುಣಸೆಯ ಉಂಡೆಗಳು. ಅವುಗಳ ನಡುವೆ, ತಲೆಯ ಮೇಲೆ ಹಸಿರು ಗೊಂಡೆ ಇಟ್ಟುಕೊಂಡ ಆ ಒಂದು ಹಣ್ಣು. ಬೊಮ್ಮಲಿಂಗಪ್ಪ ಅದನ್ನು ಪಕ್ಕದಲ್ಲಿ ಇಡಲಿಲ್ಲ. ಸಾಲಿನಲ್ಲೇ ಇಟ್ಟ. ಪಾತಮ್ಮ ಅದನ್ನು ನೋಡಿ ನನ್ನ ಕೈ ಹಿಡಿದುಕೊಂಡಳು. ಶೇಂಗಾ ಸಿಪ್ಪೆಯ ಕೆಂಪು ಆ ದಿನವೂ ಬೆರಳಲ್ಲಿತ್ತು.

ಪೂಜೆಯಾಯಿತು. ಕಾಯಿ ಒಡೆದು ರೂಢಿಯಾದ ಪೂಜಾರಿಗೆ ಈ ಹಣ್ಣನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಒಮ್ಮೆ ಕಲ್ಲಿನ ಕಡೆಗೂ ನೋಡಿದ. ಹಿಂದಿನಿಂದ ಯಾರೋ, ಮುಳ್ಳುಹಂದಿ ಸುಲಿದಂಗೆ ಸುಲೀಬೇಕು ಎಂದರು. ನಗು ಎದ್ದಿತು. ಕೊನೆಗೆ ಜ್ಯೋತಿಲಕ್ಷ್ಮಿ ಮುಂದೆ ಬಂದು ಈಳಿಗೆಯಲ್ಲಿ ಸಿಪ್ಪೆ ತೆಗೆದು, ಗೊಂಡೆಯನ್ನು ಜೋಪಾನವಾಗಿ ಬೇರೆ ಇಟ್ಟು, ಬಿಲ್ಲೆ ಮಾಡಿಕೊಟ್ಟಳು. ದೇವರಿಗೆ ತೋರಿಸಿ, ಮೊದಲ ತುಂಡನ್ನು ಪೂಜಾರಿ ಪಾತಮ್ಮನ ಅಂಗೈಗೆ ಹಾಕಿದ.

ಆಕೆ ಸೆರಗು ಸರಿಸಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

ನಾನು ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಕೂಡಿತು. ಆಮೇಲೆ ಕಣ್ಣು ಮುಚ್ಚಿತು. ಆಮೇಲೆ ಆಕೆ ಅಗಿಯುವುದನ್ನು ನಿಲ್ಲಿಸಿದಳು. ತಟ್ಟೆಯಲ್ಲಿದ್ದ ಬಿಲ್ಲೆಗಳನ್ನು ಆಗ ಸರಿಯಾಗಿ ನೋಡಿದೆ. ಒಳಗೆ ಬಣ್ಣವೇ ಇಲ್ಲ, ಸೌತೆಕಾಯಿಯ ಹಾಗೆ ಬೆಳ್ಳಗಿತ್ತು. ಹೊರಗಿನ ಹಳದಿ ಮಾಗಿದ ಹಳದಿಯಲ್ಲ. ಪಡುವಣ ಬಿಸಿಲು ಸುಟ್ಟ ಹಳದಿ. ಒಂದು ಸಲ ಮೂಸಿದ್ದರೆ ತಿಳಿಯುತ್ತಿತ್ತು.

ಪಾತಮ್ಮ ನುಂಗಿದಳು. ಉಗುಳುವ ಹಾಗಿಲ್ಲವಲ್ಲ. ನೆಲಕ್ಕೆ ಕೂತು ಹಣೆ ಮುಟ್ಟಿಸಿದಳು. "ತಪ್ಪಾತು ಸಾಮಿ. ಕಾಯಿ ತಂದುಬಿಟ್ಟೆ. ನಿನ್ನ ಬಾಯಿಗೆ ಹುಳಿ ಹಾಕಿದೆ," ಎಂದಳು. ಸಣ್ಣ ದನಿ. ಆದರೆ ಹಂದರದಲ್ಲಿದ್ದವರಿಗೆಲ್ಲ ಕೇಳಿತು.

ಬೊಮ್ಮಲಿಂಗಪ್ಪ ತಾನೂ ಒಂದು ತುಂಡು ತಿಂದ. ಅವನ ಒಂದು ಕಣ್ಣು ತಾನಾಗಿ ಮುಚ್ಚಿ ತೆರೆಯಿತು.

"ಪಾತಮ್ಮ, ಇದನ್ನ ಮೂಸಿದ್ಯಾ?"

"ಇಲ್ಲ ಸಾಮಿ."

"ನಾಲಗೆಗೆ?"

"ಸಾಮಿ ಮುಂದೆ ಇಡೋಗಂಟ ಇಲ್ಲ."

"ಹಂಗಾದ್ರೆ ಮೀಸಲು ಮೀಸಲೇ. ಹುಳಿ ಐತೋ ಸೀ ಐತೋ ನೋಡಿ ತಗಳೋನಲ್ಲ ಅವನು. ಏಳು ಮೇಲೆ."

ಪೂಜಾರಿ ಹೇಳಿದ್ದೇನೋ ಸರಿ. ಆದರೆ ಪಾತಮ್ಮ ಏಳಲಿಲ್ಲ. ಆಕೆಗೆ ಬೇಕಾದದ್ದು ದೇವರ ಕ್ಷಮೆ ಮಾತ್ರವಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲರ ಎಲೆಯಲ್ಲಿ ತನ್ನ ಮನೆಯದೂ ಇರಬೇಕು. ಹಲ್ಲು ಚುಳ್ಳೆನ್ನುವ ಆ ತುಂಡನ್ನು ಯಾರಿಗೆ ಕೊಡುವುದು? ಮಕ್ಕಳಾಗಲೇ ಕೈ ಚಾಚಿದವರು ಹಿಂದಕ್ಕೆಳೆದುಕೊಂಡಿದ್ದರು.

ಆಗ ಕೊಪ್ಪರಿಗೆಯ ಕಡೆಯಿಂದ ರಂಗಕ್ಕ ಬಂದಳು, ಕೈಯಲ್ಲಿ ಸೌಟು ಹಾಗೇ ಇತ್ತು. ತಟ್ಟೆಯಿಂದ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು. ಎಲ್ಲರೂ ಆಕೆಯ ಬಾಯನ್ನೇ ನೋಡಿದರು.

"ಇದನ್ನ ಹಣ್ಣು ಅಂತ ಯಾಕೆ ತಿಂತೀರಿ?" ಎಂದಳು ರಂಗಕ್ಕ. "ಹುಣಸೆ ಯಾರಾದ್ರೂ ಬಾಯಿಗೆ ಹಾಕ್ಕೊಂಡು ಕುಂತಾರಾ? ತಾರೇ ಪಾತೀ ಇಲ್ಲಿ. ಗೊಜ್ಜಿಗೆ ಹಾಕ್ತೀನಿ."

ತಟ್ಟೆ ಎತ್ತಿಕೊಂಡು ಹೋದಳು. ಜ್ಯೋತಿಲಕ್ಷ್ಮಿ ಹಿಂದೆ ಹೋಗಿ ಸಣ್ಣಗೆ ಹೆಚ್ಚಿಕೊಟ್ಟಳು. ಮೀಸಲಿನ ತುಪ್ಪ ಕಾಸಿ, ಒಣಮೆಣಸಿನಕಾಯಿ, ಹುರಿದ ಶೇಂಗಾ ಪುಡಿ, ಎಳ್ಳು, ಬೆಲ್ಲ, ಹೊಸ ಹುಣಸೆಯ ರಸ, ಅದರೊಳಗೆ ಈ ಹಣ್ಣಿನ ಚೂರುಗಳು. ಕುದಿಯತೊಡಗಿದ ಮೇಲೆ ಎದ್ದ ಪರಿಮಳ ಹಂದರವನ್ನೆಲ್ಲ ತುಂಬಿತು. ಪಾತಮ್ಮ ರೂಢಿಯಿಂದ ಸೆರಗನ್ನು ಮೂಗಿಗೆ ಎಳೆದುಕೊಂಡಳು. ರಂಗಕ್ಕ ದೂರದಿಂದಲೇ, "ಈಗ್ಯಾಕೆ ಮುಚ್ಕೊಂಡಿ? ಸಾಮಿದು ಆತು, ಈಗ ನಮ್ದು," ಎಂದಳು. ಹಂದರವೆಲ್ಲ ನಕ್ಕಿತು. ಪಾತಮ್ಮನೂ ನಕ್ಕಳು, ಆದರೆ ಸೆರಗು ತೆಗೆಯಲಿಲ್ಲ. ಒಳಗೊಳಗೇ ಅಳುತ್ತಿದ್ದಳು, ಅದಕ್ಕೆ ಮರೆ ಬೇಕಿತ್ತು.

ಊಟಕ್ಕೆ ಕೂತೆವು. ಮುತ್ತುಗದ ಎಲೆಯ ಮೇಲೆ ಅನ್ನ, ಸಜ್ಜೆ ರೊಟ್ಟಿ, ಹುರುಳಿ ಸಾರು, ತುಪ್ಪ, ಎಲೆಯ ತುದಿಗೆ ಒಂದೊಂದು ಸೌಟು ಗೊಜ್ಜು. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ. ಜನ ಕೇಳಿ ಕೇಳಿ ಹಾಕಿಸಿಕೊಂಡರು. ನಾನು ಉಣ್ಣುತ್ತ ಯೋಚಿಸಿದೆ: ಆ ಹಣ್ಣು ಜೇನಿನಂತೆ ಮಾಗಿದ್ದರೆ ಬಿಲ್ಲೆ ಮಾಡಿ ಹಂಚುತ್ತಿದ್ದರು, ಮುಂದಿನ ಸಾಲಿನವರಿಗೆ ಚೂರು ಚೂರು ಸಿಕ್ಕಿ ಮುಗಿಯುತ್ತಿತ್ತು. ಒಂದೇ ಹಣ್ಣು ಹಟ್ಟಿಗೆಲ್ಲ ಹೇಗೆ ಸಾಲಬೇಕು? ಹುಳಿಯಾದದ್ದರಿಂದಲೇ ಅದು ಕೊಪ್ಪರಿಗೆಗೆ ಬಿತ್ತು, ಕಡೆಯ ಸಾಲಿನಲ್ಲಿ ಕೂತಿದ್ದ ಎಲೆಗೂ ಬಂತು. ಪಾತಮ್ಮ ನನ್ನ ಪಕ್ಕದಲ್ಲಿ ಕೂತು ತನ್ನ ಎಲೆಯನ್ನು ನೋಡುತ್ತಿರಲಿಲ್ಲ. ಸಾಲಿನ ಉದ್ದಕ್ಕೂ ಇದ್ದ ಎಲೆಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದಳು. ಆಮೇಲೆ ಕೈ ತೊಳೆಯಲು ಎದ್ದಾಗ ಹೇಳಿದ್ದು ಇಷ್ಟೇ: "ಈ ವರ್ಷ ಋಣದ ಊಟ ಅಲ್ಲ ಅಕ್ಕಯ್ಯ."

ಬರುವಾಗ ರಂಗಕ್ಕ ನನಗೂ ಒಂದು ಡಬ್ಬಿಯಲ್ಲಿ ಗೊಜ್ಜು ಹಾಕಿಕೊಟ್ಟಳು. ಪಾತಮ್ಮನಿಗೆ ಕೇಳುವ ಹಾಗೆ, ಮುಂದಿನ ಸಲವೂ ಕಾಯೇ ತಾ, ಹಣ್ಣು ಮಾಡಿ ಕೆಡಿಸಬೇಡ, ಎಂದಳು.

ಹಣ್ಣು ಕೊಟ್ಟ ತಾಯಿಗಿಡ ಆಮೇಲೆ ನಿಧಾನವಾಗಿ ಒಣಗುತ್ತದೆ, ಆದರೆ ಒಣಗುವ ಮುಂಚೆ ಬುಡದಲ್ಲಿ ಮರಿ ಹಾಕುತ್ತದೆ. ಪಾತಮ್ಮನದು ಎರಡು ಮರಿ ಹಾಕಿತು. ಗೊಂಡೆಯನ್ನೂ ನೆಟ್ಟಳು. ಒಂದು ಮರಿಯನ್ನು ರಂಗಕ್ಕ ಕೇಳಿ ಪಡೆದುಕೊಂಡಳು. ಈಗ ಆಕೆಯೂ ಅಕ್ಕಿ ತೊಳೆದ ನೀರು ಎತ್ತಿಡುತ್ತಾಳೆ ಎಂದು ಜ್ಯೋತಿಲಕ್ಷ್ಮಿ ಹೇಳಿ ನಕ್ಕಳು. ಇನ್ನೊಂದು ಮರಿಯನ್ನು ಪಾತಮ್ಮ ತಾನೇ ಇಟ್ಟುಕೊಂಡಳು. ಗೊಂಡೆ ಬೇರು ಹಿಡಿದ ಮೇಲೆ ಅದನ್ನು ಡಬ್ಬದ ಸಮೇತ ಬಸ್ಸಿನಲ್ಲಿ ಹೊತ್ತು ತಂದು ನನ್ನ ಕಟ್ಟೆಯ ಮೇಲಿಟ್ಟಳು. ಇದಕ್ಕೂ ಟಿಕೆಟ್ ತಗೋಬೇಕಾ ಎಂದು ಕಂಡಕ್ಟರ್ ತಮಾಷೆ ಮಾಡಿದನಂತೆ. ನಾನು ಬುಟ್ಟಿಗೆ ಹಾಕಿದ್ದು ಒಂದು ಸುತ್ತು ಹಾಕಿ ನನ್ನ ಮನೆಗೇ ಬಂತು. ಪೂಜೆಯ ಧೂಪವನ್ನು ಈಗ ನಾನು ದೇವರಿಗೆ ತೋರಿಸಿದ ಮೇಲೆ ಅದರ ಹತ್ತಿರವೂ ಒಂದಿಷ್ಟು ಹೊತ್ತು ಇಡುತ್ತೇನೆ.

ಆಕೆಯ ಅಂಗಳದ ಮರಿ ಕಳೆದ ಮಳೆಗಾಲದಲ್ಲಿ ಹಣ್ಣಾಯಿತು. ಆ ಗಿಡದ ಮೊದಲ ಫಲ ಒಪ್ಪಿಸಿಯಾಗಿದೆ, ಉಗಾದಿಗಲ್ಲದೆ ನಡುವೆ ಬರುವುದು ಮನೆಯದು ಎಂದು ಪೂಜಾರಿಯೂ ಹೇಳಿದ್ದ. ಮಗ್ಗುಲಿಗೆ ಬಿಸಿಲು ಬೀಳದ ಹಾಗೆ ಗೋಣಿಚೀಲ ಕಟ್ಟಿ ಕಾದಿದ್ದಳು. ನನ್ನನ್ನು ಮತ್ತೆ ಕರೆದಳು. ಹೋದಾಗ ಜ್ಯೋತಿಲಕ್ಷ್ಮಿ ಈಳಿಗೆ, ಉಪ್ಪು, ಖಾರದ ಪುಡಿ ಎಲ್ಲ ಹೊಂಗೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಹೊಗೆ ಕುಡಿದು ಬೆಳೆದ ಮೊಮ್ಮಗಳು ಈಗ ನಡೆಯುತ್ತಾಳೆ. ಡಬ್ಬದ ಅಂಚು ಹಿಡಿದು ನಿಂತು ಹಣ್ಣಿಗೆ ಮುಖ ಕೊಟ್ಟು ಜೋರಾಗಿ ಉಸಿರೆಳೆಯುತ್ತಿದ್ದಳು. ಅವಳಿಗೆ ಯಾರೂ ಬೇಡ ಎಂದಿರಲಿಲ್ಲ.

ಪಾತಮ್ಮ ಗಿಡದ ಹತ್ತಿರ ಹೋದಳು. ಕೈ ತಾನಾಗಿ ಸೆರಗಿಗೆ ಹೋಯಿತು. ಅರ್ಧಕ್ಕೆ ನಿಂತಿತು. ನಮ್ಮ ಕಡೆ ಒಮ್ಮೆ ತಿರುಗಿ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗಳ ಪಕ್ಕ ಮಂಡಿಯೂರಿ ಕೂತು, ಹಣ್ಣಿನ ಬುಡಕ್ಕೆ ಮೂಗು ಇಟ್ಟಳು.

ಬಹಳ ಹೊತ್ತು ಏಳಲಿಲ್ಲ. ಜ್ಯೋತಿಲಕ್ಷ್ಮಿ, "ಅತ್ತೆ, ಹಣ್ಣಾಗೈತಾ?" ಎಂದು ಕೇಳಿದಳು.

ಪಾತಮ್ಮ ಮುಖ ಎತ್ತದೆ, "ಇರವ್ವ. ಇನ್ನೊಂದೀಟು ನೋಡ್ತೀನಿ," ಎಂದಳು.